ಮಸ್ಕಟ್ ಮನೆತನ: ಒಂದು ಬಾಟಲಿ ಚೀಟಿಗೆ ಟೀಕು

ಟೀಕು ಬರೆಯಲು ಮೂಲ ಗ್ರಂಥ ದೊಡ್ಡದಾಗಿರಬೇಕೆಂದೇನೂ ಇಲ್ಲ, ಅಡಕವಾಗಿದ್ದರೆ ಸಾಕು. ಆ ಲೆಕ್ಕದಲ್ಲಿ ವೈನ್ ಬಾಟಲಿಯ ಚೀಟಿ ಒಳ್ಳೆಯ ಮೂಲ. ಅದರಲ್ಲಿ ಕ್ರಿಯಾಪದ ಅಪರೂಪ, ಒಂದೊಂದು ಪದದ ಬೆನ್ನಿಗೂ ಒಂದು ಕಾಯಿದೆ ಇರುತ್ತದೆ, ಮತ್ತು ಓದುವವನಿಗೆ ಎಲ್ಲ ಗೊತ್ತಿದೆ ಎಂಬ ಧೋರಣೆಯಲ್ಲಿ ಅದನ್ನು ಬರೆದಿರುತ್ತಾರೆ. ಇಲ್ಲಿ ಎತ್ತಿಕೊಂಡಿರುವುದು ಫ್ರಾನ್ಸಿನ ದಕ್ಷಿಣದ ಅಂಚಿನಲ್ಲಿರುವ ರೂಸಿಯೋಂ ಸೀಮೆಯ ಸಿಹಿ ವೈನಿನ ಚೀಟಿ. ಆ ಸೀಮೆಯಲ್ಲಿ ವೈನ್ ಮಾಡುವವರು ಬಹಳ ಮಂದಿ, ಎಲ್ಲರ ಬಾಟಲಿಯ ಮೇಲೂ ಹೆಚ್ಚುಕಮ್ಮಿ ಇವೇ ಸಾಲುಗಳಿರುತ್ತವೆ. ತೋಟದ ಹೆಸರು, ಕೋಟೆಯ ಚಿತ್ರ ಇಂಥವನ್ನು ಬಿಟ್ಟು ಉಳಿದದ್ದನ್ನು ಒಂದೊಂದಾಗಿ ಬಿಡಿಸೋಣ.

ಮೊದಲ ಸಾಲು: ಮ್ಯುಸ್ಕಾ ದ ರಿವ್ಸಾಲ್ತ್

ರಿವ್ಸಾಲ್ತಿನ ಮಸ್ಕಟ್ ಎಂದರ್ಥ. ಇದರಲ್ಲಿ ಎರಡನೆಯದು ಊರು. ಪರ್ಪಿನ್ಯಾಂ ನಗರದ ಉತ್ತರಕ್ಕೆ, ಆಗ್ಲಿ ನದಿಯ ದಂಡೆಯ ಸಣ್ಣ ಪಟ್ಟಣ. ಪೂರ್ವಕ್ಕೆ ಮೆಡಿಟರೇನಿಯನ್ ಸಮುದ್ರ, ದಕ್ಷಿಣಕ್ಕೆ ಪಿರನೀಸ್ ಬೆಟ್ಟಗಳು. 1659ರ ಒಪ್ಪಂದದವರೆಗೆ ಈ ಸೀಮೆ ಸ್ಪೇನಿನ ದೊರೆಯದಾಗಿತ್ತು. ಇವತ್ತಿಗೂ ಇಲ್ಲಿನ ಹಳಬರ ನಾಲಗೆಯಲ್ಲಿ ಕಟಲಾನ್ ಭಾಷೆ ಉಳಿದಿದೆ. ಮೊದಲ ಮಹಾಯುದ್ಧದ ಸೇನಾನಿ ಜೊಫ್ರ್ ಹುಟ್ಟಿದ್ದು ಇದೇ ಊರಿನಲ್ಲಿ. ಚೀಟಿ ಹೇಳದ ಇನ್ನೊಂದು ಸಂಗತಿಯೂ ಇದೆ: ಈ ಊರ ಪಕ್ಕದ ಶಿಬಿರದಲ್ಲಿ ಎರಡನೆಯ ಮಹಾಯುದ್ಧದ ಹೊತ್ತಿಗೆ ಸ್ಪೇನಿನ ನಿರಾಶ್ರಿತರನ್ನೂ ಯಹೂದಿಗಳನ್ನೂ ಕೂಡಿಹಾಕಿದ್ದರು. 1942ರಲ್ಲಿ ಇಲ್ಲಿಂದಲೇ ಯಹೂದಿಗಳನ್ನು ಆಶ್ವಿಟ್ಸ್ ಕಡೆಗೆ ಸಾಗಿಸಿದರು. ಅಲ್ಲೀಗ 2015ರಲ್ಲಿ ತೆರೆದ ಸ್ಮಾರಕವಿದೆ. ರಿವ್ಸಾಲ್ತ್ ಎಂದರೆ ಫ್ರಾನ್ಸಿನವರಿಗೆ ಬಾಟಲಿ ಮಾತ್ರ ನೆನಪಾಗುವುದಿಲ್ಲ.

ಇನ್ನು ಮಸ್ಕಟ್. ಕರಾವಳಿಯ ಓದುಗರಿಗೆ ಥಟ್ಟನೆ ಒಮಾನಿನ ರಾಜಧಾನಿ ಹೊಳೆಯುತ್ತದೆ. ದ್ರಾಕ್ಷಿಗೂ ಆ ಊರಿಗೂ ನಂಟು ಹಾಕುವವರಿದ್ದಾರೆ, ಆದರೆ ಹೆಚ್ಚಿನವರು ಒಪ್ಪುವುದು ಮಸ್ಕ್, ಅಂದರೆ ಕಸ್ತೂರಿಯ ನಂಟನ್ನು. ನಮಗೆ ಮುಖ್ಯವಾದದ್ದು ಬೇರೆ. ಕ್ಯಾಬರ್ನೆ ಸೋವಿನ್ಯೋಂ ಎಂದರೆ ಒಂದು ತಳಿ; ಮಸ್ಕಟ್ ಎಂದರೆ ಒಂದು ಮನೆತನ. ಈ ಹೆಸರನ್ನು ಹೊತ್ತ ತಳಿಗಳು 200ಕ್ಕೂ ಹೆಚ್ಚು. ಬಿಳಿ, ಗುಲಾಬಿ, ಕೆಂಪು, ಕಪ್ಪು. ಬಟಾಣಿಯಷ್ಟು ಸಣ್ಣವು, ನೆಲ್ಲಿಕಾಯಿಯನ್ನು ಹೋಲುವಷ್ಟು ದಪ್ಪನೆಯವು. ಇವನ್ನೆಲ್ಲ ಒಂದು ಸೂರಿನಡಿ ತಂದಿರುವುದು ಬಣ್ಣವೂ ಅಲ್ಲ ಗಾತ್ರವೂ ಅಲ್ಲ, ಪರಿಮಳ.

ಪರಿಮಳದ ಮಾತನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇಡೀ ಚೀಟಿಯ ಬೀಗದ ಕೈ ಅದು. ಹೆಚ್ಚಿನ ವೈನ್ ದ್ರಾಕ್ಷಿಗಳನ್ನು ಬಾಯಿಗೆ ಹಾಕಿಕೊಂಡರೆ ಸಿಹಿ, ಹುಳಿ, ಸಿಪ್ಪೆಯ ಒಗರು ಇಷ್ಟೇ ಸಿಗುವುದು. ಅವುಗಳ ವೈನಿನಲ್ಲಿ ಸೇಬು, ನಿಂಬೆ ಎಂದು ಬಲ್ಲವರು ಗುರುತಿಸುವ ವಾಸನೆಗಳು ಬಹುಪಾಲು ಹುದುಗುವಾಗ, ಪೀಪಾಯಿಯಲ್ಲಿ ಮಲಗಿರುವಾಗ ಹುಟ್ಟಿದವು. ಮಸ್ಕಟ್ ಹಾಗಲ್ಲ. ಬಳ್ಳಿಯ ಮೇಲೆ ಹಣ್ಣು ಯಾವ ಘಮ ಬೀರುತ್ತದೋ ಲೋಟದಲ್ಲಿ ವೈನೂ ಅದನ್ನೇ ಬೀರುತ್ತದೆ. ದ್ರಾಕ್ಷಿಯ ವೈನಿಗೆ ದ್ರಾಕ್ಷಿಯದೇ ವಾಸನೆ ಇರುವುದು ಇಷ್ಟು ಅಪರೂಪ ಎಂದರೆ ಕೇಳಿದವರಿಗೆ ವಿಚಿತ್ರವೆನಿಸೀತು, ಆದರೆ ಇರುವುದು ಹಾಗೆಯೇ.

ಆ ಘಮದ ಹಿಂದೆ ಟರ್ಪೀನ್ ಎಂಬ ರಾಸಾಯನಿಕಗಳ ಗುಂಪಿದೆ. ಮುಖ್ಯವಾದವು ಲಿನಲೂಲ್, ಜೆರಾನಿಯೋಲ್, ನೆರೋಲ್. ಹೆಸರು ಹೊಸದು, ವಾಸನೆ ನಮಗೆ ಹಳೆಯದು. ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ತಿಕ್ಕಿದರೆ ಏಳುವ ಘಮದಲ್ಲಿ ದೊಡ್ಡ ಪಾಲು ಲಿನಲೂಲ್‌ನದು. ಗುಲಾಬಿಯ ಅತ್ತರಿನಲ್ಲಿ ಜೆರಾನಿಯೋಲ್ ಇದೆ. ಹಣ್ಣಿನಲ್ಲಿ ಇವು ಹೆಚ್ಚಾಗಿ ಸಿಪ್ಪೆಯಲ್ಲಿ, ಸಿಪ್ಪೆಗೆ ಅಂಟಿದ ತಿರುಳಿನಲ್ಲಿ ಕೂತಿರುತ್ತವೆ. ಒಂದು ಪಾಲು ಬಿಡಿಯಾಗಿರುತ್ತದೆ, ಅದು ಮೂಗಿಗೆ ಸಿಗುತ್ತದೆ. ಇನ್ನೊಂದು ದೊಡ್ಡ ಪಾಲು ಸಕ್ಕರೆಯ ಅಣುವಿಗೆ ಕಟ್ಟಿಕೊಂಡಿರುತ್ತದೆ, ಅದಕ್ಕೆ ವಾಸನೆಯಿಲ್ಲ. ಆ ಕಟ್ಟು ಬಿಚ್ಚಿದಂತೆಲ್ಲ ಹೊಸ ಘಮ ಹೊರಬರುತ್ತದೆ.

ಈ ಘಮ ಬಂದದ್ದೆಲ್ಲಿಂದ? ಟರ್ಪೀನ್ ತಯಾರಿಕೆಯ ಮೊದಲ ಮೆಟ್ಟಿಲಿನಲ್ಲಿ ಕೆಲಸ ಮಾಡುವ ಒಂದು ಕಿಣ್ವವಿದೆ. ಅದರ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದು ಮಸ್ಕಟ್ ತಳಿಗಳಲ್ಲಿ ಕಂಡುಬಂದಿದೆ. ಆ ಬದಲಾವಣೆಯಿಂದ ಕಿಣ್ವ ಜೋರಾಗಿ ಕೆಲಸ ಮಾಡುತ್ತದೆ, ಟರ್ಪೀನ್ ತುಂಬಿ ತುಳುಕುತ್ತದೆ. ಇದಕ್ಕೆ ಇನ್ನೊಂದು ಪುರಾವೆಯೂ ಇದೆ. ಶಾರ್ಡನೇ, ಶಾಸ್ಲಾ ಮುಂತಾದ ಬೇರೆ ಮನೆತನದ ದ್ರಾಕ್ಷಿಗಳಲ್ಲಿ ಅಪರೂಪಕ್ಕೊಮ್ಮೆ ಘಮಘಮಿಸುವ ಬಳ್ಳಿ ತಾನಾಗಿ ಹುಟ್ಟಿಕೊಳ್ಳುತ್ತದೆ. ಹುಡುಕಿ ನೋಡಿದರೆ ಅಲ್ಲೂ ಅದೇ ಜೀನಿನಲ್ಲಿ ಏನೋ ವ್ಯತ್ಯಾಸ. ಅಂದಮೇಲೆ ಒಂದು ಅಕ್ಷರದ ತಪ್ಪಿನಿಂದ ಮನೆತನವೊಂದು ನಿಂತಿತು. ಲಿಪಿಕಾರರ ತಪ್ಪುಗಳ ಮೇಲೆ ಜೀವನವಿಡೀ ದುಡಿದ ನಮ್ಮ ಗ್ರಂಥ ಸಂಪಾದಕರಿಗೆ ಇದು ಇಷ್ಟವಾಗಬಹುದಾದ ವಿಷಯ.

ಇಲ್ಲೊಂದು ಶಂಕೆ. ಘಮವೇ ಗುರುತಾದರೆ ನಮ್ಮ ಬೆಂಗಳೂರು ಬ್ಲೂ ಕೂಡ ಇದೇ ಕುಲದ್ದಾಗಬೇಕಲ್ಲವೇ? ಬುಟ್ಟಿ ತೆರೆದರೆ ಕೋಣೆಯೆಲ್ಲ ತುಂಬುವಷ್ಟು ವಾಸನೆ ಅದಕ್ಕಿದೆ. ಸಮಾಧಾನ: ಆಗುವುದಿಲ್ಲ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಆ ಕಪ್ಪು ದ್ರಾಕ್ಷಿಯಲ್ಲಿ ಅಮೆರಿಕ ಮೂಲದ ಲಬ್ರುಸ್ಕಾ ಜಾತಿಯ ರಕ್ತವಿದೆ. ಅದರ ಗಾಢ ವಾಸನೆಗೆ ಮೀಥೈಲ್ ಆಂತ್ರಾನಿಲೇಟ್ ಎಂಬ ಬೇರೆಯೇ ವಸ್ತು ಕಾರಣ. ಎರಡೂ ಮೂಗಿಗೆ ಜೋರಾಗಿ ಬಡಿಯುತ್ತವೆ, ನೆಂಟಸ್ತಿಕೆ ಮಾತ್ರ ಇಲ್ಲ.

ಎರಡನೆಯ ಸಾಲು: ವೆಂ ದೂ ನಾಚ್ಯುರೆಲ್

ಸಹಜ ಸಿಹಿ ವೈನ್. ಇದು ಇಡೀ ಚೀಟಿಯಲ್ಲೇ ಅತಿ ಜಾಣ ಸಾಲು, ಅಷ್ಟೇ ದಾರಿ ತಪ್ಪಿಸುವ ಸಾಲು.

ಮಸ್ಕಟ್‌ಗೆ ಸಿಹಿ ವೈನ್ ದ್ರಾಕ್ಷಿ ಎಂಬ ಹೆಸರು ಅಂಟಿಕೊಂಡಿದೆ. ಹೇಳಲು ಸುಲಭ, ಆದರೆ ಮಾಗಿದ ಯಾವ ದ್ರಾಕ್ಷಿ ಸಿಹಿಯಿರುವುದಿಲ್ಲ? ಶಾರ್ಡನೇಯೂ ಸಿಹಿಯೇ, ಕ್ಯಾಬರ್ನೆಯೂ ಸಿಹಿಯೇ. ಹಿಂಡಿದ ರಸಕ್ಕೆ ಯೀಸ್ಟ್ ಹತ್ತಿದೊಡನೆ ಅದು ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ಸುಮ್ಮನೆ ಬಿಟ್ಟರೆ ಸಕ್ಕರೆ ಬಹುಪಾಲು ಮುಗಿಯುವವರೆಗೂ ತಿನ್ನುತ್ತದೆ. ಮಸ್ಕಟ್ ರಸವನ್ನೂ ಹಾಗೆ ಬಿಟ್ಟರೆ ಸಿಹಿಯ ಸುಳಿವಿಲ್ಲದ ವೈನ್ ಆಗುತ್ತದೆ. ಫ್ರಾನ್ಸಿನ ಈಶಾನ್ಯದ ಅಲ್ಸಾಸ್‌ನಲ್ಲಿ ಹೆಚ್ಚಾಗಿ ಮಾಡುವುದೇ ಹಾಗೆ. ಆ ಲೋಟವನ್ನು ಮೂಗಿಗೆ ಹಿಡಿದಾಗ ಸಕ್ಕರೆಯಂಥ ಸಿಹಿ ಬರಲಿದೆ ಎಂದು ಬಾಯಿ ಕಾಯುತ್ತದೆ, ನಾಲಗೆಗೆ ಸಿಗುವುದು ಚುರುಕು ಹುಳಿ. ಘಮ ಹಣ್ಣಿನ ಹುಟ್ಟುಗುಣ, ಸಿಹಿ ಮಾತ್ರ ಮನುಷ್ಯ ಯೀಸ್ಟಿನ ಬಾಯಿಂದ ಕಿತ್ತು ಉಳಿಸಿಕೊಂಡದ್ದು. ಈ ವ್ಯತ್ಯಾಸ ಗೊತ್ತಿಲ್ಲದೆ ಮಸ್ಕಟ್ ಕುರಿತು ಬರೆದದ್ದೆಲ್ಲ ಅಡ್ಡದಾರಿ ಹಿಡಿಯುತ್ತದೆ.

ರಿವ್ಸಾಲ್ತಿನಲ್ಲಿ ಹೇಗೆ ಉಳಿಸಿಕೊಳ್ಳುತ್ತಾರೆ? ಲೀಟರಿಗೆ ಕನಿಷ್ಠ 252 ಗ್ರಾಂ ಸಕ್ಕರೆ ತುಂಬುವವರೆಗೆ ಹಣ್ಣನ್ನು ಬಳ್ಳಿಯಲ್ಲೇ ಮಾಗಿಸುತ್ತಾರೆ. ರಸ ಹುದುಗಲು ತೊಡಗಿ ಅರ್ಧ ದಾರಿ ಕ್ರಮಿಸಿದಾಗ ಅದಕ್ಕೆ ದ್ರಾಕ್ಷಿಯಿಂದಲೇ ಭಟ್ಟಿ ಇಳಿಸಿದ, 95 ಶೇಕಡಕ್ಕಿಂತ ಕಡಿಮೆಯಿಲ್ಲದ ಶಕ್ತಿಯ ಸ್ಪಿರಿಟ್ ಸುರಿಯುತ್ತಾರೆ. ಪ್ರಮಾಣ ರಸದ 5ರಿಂದ 10 ಶೇಕಡ. ಆ ಹೊಡೆತಕ್ಕೆ ಯೀಸ್ಟ್ ಸಾಯುತ್ತದೆ, ತಿನ್ನದೆ ಉಳಿದ ಸಕ್ಕರೆ ವೈನಿನಲ್ಲೇ ನಿಲ್ಲುತ್ತದೆ. ಮಸ್ಕಟ್ ವೈನಿನಲ್ಲಿ ಅದು ಲೀಟರಿಗೆ 100 ಗ್ರಾಂಗಿಂತ ಕಡಿಮೆ ಇರಬಾರದು. ಹುದುಗುವಿಕೆಯ ಬಾಯಿ ಮುಚ್ಚಿಸುವ ಈ ಕೆಲಸಕ್ಕೆ ಅಲ್ಲಿನವರು ಮ್ಯುತಾಜ್ ಎನ್ನುತ್ತಾರೆ. 13ನೇ ಶತಮಾನದ ಕೊನೆಗೆ ಮೊಂಪೆಲಿಯೇ ವಿದ್ಯಾಪೀಠದಲ್ಲಿ ಪಾಠ ಹೇಳುತ್ತಿದ್ದ ಕಟಲಾನ್ ವೈದ್ಯ ಅರ್ನಾವ್ ದ ವಿಲನೋವಾ ಇದನ್ನು ಕಂಡುಹಿಡಿದನೆಂದು ಪ್ರತೀತಿ. ಅರಬ್ಬರಿಂದ ಬಂದ ಭಟ್ಟಿಯ ವಿದ್ಯೆ ಮತ್ತು ಊರಿನ ವೈನ್ ಒಂದೇ ಮೇಜಿನ ಮೇಲೆ ಸೇರಿದ್ದು ಔಷಧಿ ಮಾಡುವವನ ಮನೆಯಲ್ಲಿ ಎಂಬುದು ನಂಬಲು ಕಷ್ಟವೇನಲ್ಲ.

ಸ್ಪಿರಿಟ್ ಅಷ್ಟು ಶುದ್ಧವಾಗಿರಬೇಕೆಂಬ ಹಟಕ್ಕೆ ಕಾರಣವಿದೆ. ಪೋರ್ಚುಗಲ್ಲಿನ ಪೋರ್ಟ್ ವೈನಿಗೆ 77 ಶೇಕಡದ ಸ್ಪಿರಿಟನ್ನು ವೈನಿನ ಐದನೇ ಒಂದರಷ್ಟು ಬೆರೆಸುತ್ತಾರೆ, ಆ ಸ್ಪಿರಿಟಿನ ರುಚಿಯೂ ವೈನಿಗೆ ಸೇರಿಕೊಳ್ಳುತ್ತದೆ. ಮಸ್ಕಟ್ ಮಾಡುವವನಿಗೆ ಅದು ಬೇಡ. ತನ್ನದೇ ವಾಸನೆಯಿಲ್ಲದ ಸ್ಪಿರಿಟ್ ಸ್ವಲ್ಪವೇ ಸಾಕು, ಹಣ್ಣಿನ ಘಮಕ್ಕೆ ಅಡ್ಡ ಬಂದರೆ ಮಾಡಿದ್ದೆಲ್ಲ ದಂಡ.

ಹಾಗಿದ್ದರೆ ಹೊರಗಿನಿಂದ ಸ್ಪಿರಿಟ್ ಸುರಿದ ವೈನ್ ಸಹಜ ಹೇಗಾಯಿತು? ಇದಕ್ಕೆ ಉತ್ತರ ತೆರಿಗೆ ಇಲಾಖೆಯಲ್ಲಿದೆ. ಸಕ್ಕರೆ ಬೆರೆಸದೆ, ಹಣ್ಣಿನದೇ ಸಿಹಿ ಇರುವ ವೈನ್ ಎಂಬುದನ್ನು ಬೇರೆ ಮದ್ಯಗಳಿಂದ ವಿಂಗಡಿಸಿ ಸುಂಕದಲ್ಲಿ ರಿಯಾಯಿತಿ ಪಡೆಯಲು ರೂಸಿಯೋಂ ಸೀಮೆಯ ಜನಪ್ರತಿನಿಧಿಗಳು ಹೋರಾಡಿದರು. 1872ರ ಅರಾಗೋ ಕಾಯಿದೆ, 1898ರ ಪಾಮ್ಸ್ ಕಾಯಿದೆ ಎರಡೂ ಅದರ ಫಲ. ಹೀಗೆ ಶಾಸನದ ಪದವೊಂದು ಚೀಟಿಯ ಮೇಲೆ ಕಾವ್ಯದ ಪದವಾಗಿ ಕೂತಿದೆ.

ಸಿಹಿ ಉಳಿಸುವ ಬೇರೆ ದಾರಿಗಳೂ ಇವೆ. ಸಿಸಿಲಿ ಮತ್ತು ಟ್ಯುನೀಶಿಯಾ ನಡುವಿನ ಪಾಂಟೆಲೆರಿಯಾ ದ್ವೀಪದಲ್ಲಿ ಆ ಕೆಲಸವನ್ನು ಬಿಸಿಲಿಗೆ ವಹಿಸಿದ್ದಾರೆ. ಗಾಳಿಯ ಹೊಡೆತಕ್ಕೆ ಸಿಗದಿರಲೆಂದು ನೆಲದಲ್ಲಿ ಗುಳಿ ತೋಡಿ, ಅದರೊಳಗೆ ಬಳ್ಳಿಯನ್ನು ಕುಳ್ಳ ಪೊದೆಯಾಗಿ ಬೆಳೆಸುತ್ತಾರೆ. ಕೊಯ್ದ ಗೊಂಚಲನ್ನು ಬಿಸಿಲಿಗೆ ಹರಡಿ ಒಣಗಿಸಿ, ಹುದುಗುತ್ತಿರುವ ತಾಜಾ ರಸಕ್ಕೆ ಆ ಒಣದ್ರಾಕ್ಷಿಯನ್ನು ಸೇರಿಸುತ್ತಾರೆ. ಸಕ್ಕರೆ ಎಷ್ಟಾಗುತ್ತದೆಂದರೆ ಯೀಸ್ಟ್ ತಿಂದು ತಿಂದು ಸೋತು ನಿಲ್ಲುತ್ತದೆ. ಅಲ್ಲಿನ ಈ ಬಳ್ಳಿ ಸಾಕುವ ಪದ್ಧತಿಯನ್ನು ಯುನೆಸ್ಕೊ 2014ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೂರನೆಯ ಸಾಲು: ಅಪೆಲಾಸಿಯೋಂ ದೊರಿಜೀನ್ ಪ್ರೊತೆಜೆ

ನಂಜನಗೂಡು ರಸಬಾಳೆಗೆ, ಮೈಸೂರು ಮಲ್ಲಿಗೆಗೆ ಇರುವ ಭೌಗೋಳಿಕ ಸೂಚಿಯ ಫ್ರಾನ್ಸಿನ ರೂಪ. ಆದರೆ ಅದರ ಕಟ್ಟಳೆ ಬಿಗಿ. ಗಡಿ ಎಲ್ಲಿ, ಯಾವ ತಳಿ, ಹೆಕ್ಟೇರಿಗೆ ಎಷ್ಟು ರಸ ಎಲ್ಲವೂ ಬರೆದಿಟ್ಟಿರುತ್ತದೆ. ಮಸ್ಕಟ್ ವೈನುಗಳಲ್ಲಿ ಫ್ರೊಂತಿನ್ಯಾಂ ಊರಿನದಕ್ಕೆ ಈ ಮನ್ನಣೆ 1936ರಲ್ಲೇ ಸಿಕ್ಕಿತು, ರಿವ್ಸಾಲ್ತಿನದಕ್ಕೆ 1956ರಲ್ಲಿ. ಇಳುವರಿಯ ಮಿತಿ ಹೆಕ್ಟೇರಿಗೆ 3000 ಲೀಟರ್, ಅಂದರೆ ಎಕರೆಗೆ ಸುಮಾರು 1200 ಲೀಟರ್. ಚಪ್ಪರ ಹಾಕಿ ಟನ್ನುಗಟ್ಟಲೆ ತೆಗೆಯುವ ನಮ್ಮ ದ್ರಾಕ್ಷಿ ರೈತರಿಗೆ ಇದು ನಗೆ ತರಿಸಬಹುದು. ಆದರೆ ರೂಸಿಯೋಂನಲ್ಲಿ ಕಲ್ಲುನೆಲ, ಕಡಿಮೆ ಮಳೆ. ವಾಯವ್ಯದಿಂದ ಬೀಸುವ ತ್ರಾಮೊಂತಾನ್ ಎಂಬ ಒಣಗಾಳಿ ಎಲೆಯ ಮೇಲಿನ ತೇವವನ್ನೆಲ್ಲ ಹೀರಿಕೊಂಡು ಹೋಗುತ್ತದೆ. ಮಿತಿ ಹಾಕದಿದ್ದರೂ ಬಳ್ಳಿ ಬಹಳ ಕೊಡುತ್ತಿರಲಿಲ್ಲ.

ನಾಲ್ಕನೆಯ ಸಾಲು: ಮ್ಯುಸ್ಕಾ ಬ್ಲಾಂ ಆ ಪ್ತಿ ಗ್ರೆಂ, ಮ್ಯುಸ್ಕಾ ದಾಲೆಕ್ಸಾಂದ್ರಿ

ಈ ಸಾಲು ಹಿಂಬದಿಯ ಚೀಟಿಯಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ನನ್ನನ್ನು ಕೇಳಿದರೆ ಇದೇ ಮುಂದೆ ದಪ್ಪಕ್ಷರದಲ್ಲಿ ಇರಬೇಕಿತ್ತು. ಮನೆತನದ ಇಬ್ಬರು ಹಿರಿಯರ ಹೆಸರು ಇದು.

ಮೊದಲನೆಯದು ಸಣ್ಣಕಾಳಿನ ಬಿಳಿ ಮಸ್ಕಟ್. ದುಂಡಗಿನ ಪುಟ್ಟ ಕಾಳು, ಒತ್ತಾದ ಗೊಂಚಲು. ಕುಲದಲ್ಲೇ ಅತಿ ನವಿರಾದ ಘಮ ಇದರದೆಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಸಾಕುವುದು ಕಷ್ಟ: ಬೇಗ ಚಿಗುರುವುದರಿಂದ ವಸಂತದ ಹಿಮಕ್ಕೆ ಸುಡುತ್ತದೆ, ಒತ್ತು ಗೊಂಚಲಿಗೆ ಬೂಷ್ಟು ಬೇಗ ಹಿಡಿಯುತ್ತದೆ, ಇಳುವರಿ ಕಡಿಮೆ. ಬಣ್ಣವೂ ನಿಲ್ಲುವುದಿಲ್ಲ. ಬಿಳಿಯ ಬಳ್ಳಿಯಿಂದ ಗುಲಾಬಿ, ಕೆಂಪು ಹಣ್ಣಿನ ಕವಲುಗಳು ತಾವಾಗಿ ಹುಟ್ಟುತ್ತವೆ; ಹೆಸರಿನಲ್ಲಿ ಬಿಳಿ ಎಂದಿದ್ದರೂ ತೋಟದಲ್ಲಿ ಎಲ್ಲ ಬಣ್ಣಗಳೂ ಸಿಗುತ್ತವೆ.

ಎಲ್ಲಿಗೆ ಹೋದರೆ ಅಲ್ಲಿನ ಹೆಸರು ಹಿಡಿಯುವ ಗುಣವೂ ಇದಕ್ಕಿದೆ. ಇಟಲಿಯ ಪಿಯೆಮೊಂಟೆಯಲ್ಲಿ ಮೊಸ್ಕಾತೊ ಬಿಯಾಂಕೊ, ಆಸ್ಟ್ರಿಯಾದಲ್ಲಿ ಗೆಲ್ಬರ್ ಮುಸ್ಕಟೆಲರ್, ಹಂಗೆರಿಯ ತೊಕಾಯ್‌ನಲ್ಲಿ ಶಾರ್ಗಮುಶ್ಕೋತಾಯ್, ಸರ್ಬಿಯಾದಲ್ಲಿ ತಾಮ್ಯಾನಿಕಾ, ಪೋರ್ಚುಗಲ್ಲಿನಲ್ಲಿ ಮೊಸ್ಕತೆಲ್ ಗಲೇಗು, ಆಸ್ಟ್ರೇಲಿಯಾದಲ್ಲಿ ಬ್ರೌನ್ ಮಸ್ಕಟ್. ಗ್ರೀಸಿನ ಸಾಮೋಸ್ ದ್ವೀಪದ ಹೆಸರುವಾಸಿ ಸಿಹಿ ವೈನೂ ಇದರದೇ. ರೋಮಿನ ಪ್ಲಿನಿ ತನ್ನ ಗ್ರಂಥದಲ್ಲಿ ಜೇನುಹುಳುಗಳಿಗೆ ಬಲು ಪ್ರಿಯವಾದ ದ್ರಾಕ್ಷಿಯೊಂದನ್ನು ಹೇಳುತ್ತಾನೆ, ಅದು ಇದೇ ಎಂದು ವೈನ್ ಪುಸ್ತಕಗಳು ಎಗ್ಗಿಲ್ಲದೆ ಬರೆಯುತ್ತವೆ. ಎರಡು ಸಾವಿರ ವರ್ಷದ ಹಿಂದಿನ ವರ್ಣನೆಯೊಂದನ್ನು ಇವತ್ತಿನ ಬಳ್ಳಿಗೆ ಕಟ್ಟುವ ಹಗ್ಗ ಯಾರ ಬಳಿಯೂ ಇಲ್ಲ. ಜೇನುಹುಳು ಮಸ್ಕಟ್ ಒಂದನ್ನೇ ಹುಡುಕಿಕೊಂಡು ಹೋಗುತ್ತದೆಯೇ?

ಎರಡನೆಯದು ಅಲೆಕ್ಸಾಂಡ್ರಿಯಾದ ಮಸ್ಕಟ್. ದಪ್ಪ, ಉದ್ದನೆಯ ಕಾಳು. ಬಿಸಿಲು ಎಷ್ಟಿದ್ದರೂ ತಾಳುತ್ತದೆ, ಚಳಿ ಮಾತ್ರ ಆಗದು. ತಿನ್ನಲು, ಒಣಗಿಸಲು, ವೈನಿಗೆ ಮೂರಕ್ಕೂ ಬರುತ್ತದೆ. ಪಾಂಟೆಲೆರಿಯಾದ ಗುಳಿಗಳಲ್ಲಿ ಬೆಳೆಯುವುದು ಇದೇ, ಅಲ್ಲಿ ಹೆಸರು ಜಿಬಿಬ್ಬೊ. ದಕ್ಷಿಣ ಆಫ್ರಿಕಾದಲ್ಲಿ ಹಾನೆಪೂಟ್, ಆಸ್ಟ್ರೇಲಿಯಾದಲ್ಲಿ ಗೊರ್ದೊ ಬ್ಲಾಂಕೊ. ಪೆರುವಿನವರು ಇದನ್ನು ಇಟಾಲಿಯಾ ಎಂದು ಕರೆದು ಪಿಸ್ಕೊ ಎಂಬ ಬ್ರಾಂದಿ ಇಳಿಸುತ್ತಾರೆ. ಸ್ಪೇನಿನ ಮಾಲಗಾ ಬೆಟ್ಟಗಳ ಇಳಿಜಾರಿನಲ್ಲಿ ಒಣಗಿಸುವ ಒಣದ್ರಾಕ್ಷಿಯೂ ಇದರದೇ. ನಮ್ಮ ವಿಜಯಪುರದ ಒಣದ್ರಾಕ್ಷಿ ಬೀಜವಿಲ್ಲದ ಥಾಮ್ಸನ್ ಜಾತಿಯದು. ಮಾಲಗಾದ್ದನ್ನು ಜಗಿದರೆ ಹಲ್ಲಿಗೆ ಬೀಜ ಸಿಗುತ್ತದೆ, ಜೊತೆಗೆ ಘಮವೂ. ಬೀಜ ಬೇಡವೆಂದವರು ಘಮವನ್ನೂ ಬಿಡಬೇಕಾಗುತ್ತದೆ, ನನಗದು ಲಾಭದ ವ್ಯಾಪಾರವಾಗಿ ಕಾಣುವುದಿಲ್ಲ.

ಇವೆರಡು ಅಣ್ಣತಮ್ಮಂದಿರೆಂದು ಬಹುಕಾಲ ಭಾವಿಸಿದ್ದರು. ಡಿಎನ್ಎ ನೋಡಿದ ಮೇಲೆ ಸಂಬಂಧ ಇನ್ನೂ ಹತ್ತಿರದ್ದೆಂದು ಗೊತ್ತಾಯಿತು. ಸಣ್ಣಕಾಳಿನ ಮಸ್ಕಟ್ ಹೆತ್ತ ಜೀವ, ಅಲೆಕ್ಸಾಂಡ್ರಿಯಾದ್ದು ಅದರ ಸಂತಾನ. ಇನ್ನೊಂದು ಬದಿಯ ಹೆತ್ತವರು ಗ್ರೀಸಿನ ದ್ವೀಪಗಳಲ್ಲೂ ಸಾರ್ಡೀನಿಯಾದಲ್ಲೂ ಕಾಣಸಿಗುವ, ತಿನ್ನಲು ಬೆಳೆಯುವ ಒಂದು ಕಪ್ಪು ದ್ರಾಕ್ಷಿ. ಹೆಸರಿನಲ್ಲಿ ಈಜಿಪ್ಟಿನ ಬಂದರು ಇದ್ದರೂ ಹುಟ್ಟು ಮೆಡಿಟರೇನಿಯನ್ನಿನ ಬೇರೆ ಮೂಲೆಯಲ್ಲಿ ಆಗಿರಬಹುದು. 2001ರಲ್ಲಿ ಇಟಲಿಯ ಸಂಶೋಧಕರು ಬೇರೆ ಬೇರೆ ಹೆಸರಿನ 64 ಮಸ್ಕಟ್ ಬಳ್ಳಿಗಳನ್ನು ಪರೀಕ್ಷಿಸಿದಾಗ ನಿಜವಾಗಿ ಬೇರೆಯಾದ ತಳಿಗಳು 20 ಮಾತ್ರ ಎಂದು ಕಂಡರು. ಉಳಿದವೆಲ್ಲ ಊರೂರಿನ ಅಡ್ಡಹೆಸರು. ಆ ಕುಲವೃಕ್ಷದಲ್ಲಿ ನೇರವಾಗಿಯೋ ಬಳಸಿಯೋ ಬೇರಿನಲ್ಲಿ ನಿಂತಿದ್ದವರು ಚೀಟಿಯ ಈ ಇಬ್ಬರೇ. ಮೇಲೆ 200 ಎಂದ ಲೆಕ್ಕವನ್ನು ಓದುಗರು ಈ ಮಾತಿನ ಬೆಳಕಿನಲ್ಲಿ ಕೊಂಚ ಇಳಿಸಿಕೊಳ್ಳಬಹುದು.

ಚೀಟಿಯಲ್ಲಿ ಹೆಸರಿಲ್ಲದ ಮಕ್ಕಳು ಮೊಮ್ಮಕ್ಕಳನ್ನೂ ವ್ಯಾಖ್ಯಾನಕಾರ ಬಿಡಬಾರದು. ಒತ್ತೊನೆಲ್ ಮಸ್ಕಟ್ 19ನೇ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಆಂಜೆ ಪಟ್ಟಣದಲ್ಲಿ ಬೀಜ ಬಿತ್ತಿ ಎಬ್ಬಿಸಿದ ತಳಿ. ಒಂದು ಕಡೆ ಶಾಸ್ಲಾ, ಇನ್ನೊಂದು ಕಡೆ ಮಸ್ಕಟ್. ಬೇಗ ಮಾಗುವುದರಿಂದ ಅಲ್ಸಾಸ್, ಆಸ್ಟ್ರಿಯಾ, ರೊಮೇನಿಯಾದಂಥ ಚಳಿ ಊರುಗಳಿಗೆ ಒಗ್ಗಿತು, ಆದರೆ ಘಮ ಮೆತ್ತಗಾಯಿತು. ಇಟಲಿಯ ಬೆರ್ಗಮೊ ಬಳಿಯ ಮೊಸ್ಕಾತೊ ದಿ ಸ್ಕಾಂಜೊ ಕಪ್ಪು ಬಣ್ಣದ್ದು, ಅತಿ ಸ್ವಲ್ಪ ಜಾಗದಲ್ಲಿ ಬೆಳೆಯುತ್ತದೆ. ಅರ್ಜೆಂಟೀನಾದ ತೊರೊಂತೆಸ್ ಹೆಸರಿನಲ್ಲಿ ಮಸ್ಕಟ್ ಇಲ್ಲ, ಮೂಗಿನಲ್ಲಿ ಇದೆ. ಅದು ಅಲೆಕ್ಸಾಂಡ್ರಿಯಾದ ಮಸ್ಕಟ್‌ಗೆ ಸ್ಪೇನಿನಿಂದ ಹೋದ ಇನ್ನೊಂದು ತಳಿಯಲ್ಲಿ ಹುಟ್ಟಿದ್ದು.

ಹ್ಯಾಂಬರ್ಗ್ ಮಸ್ಕಟ್ ಎಂಬ ಕಪ್ಪು ದ್ರಾಕ್ಷಿಯನ್ನು ಮಾತ್ರ ಬೇರೆಯಾಗಿ ನಿಲ್ಲಿಸಿ ಮಾತಾಡಬೇಕು. ಅಲೆಕ್ಸಾಂಡ್ರಿಯಾದ ಮಸ್ಕಟ್ ಮತ್ತು ಸ್ಕಿಯಾವಾ ಗ್ರೋಸಾ ಎಂಬ ತಳಿಯ ಮಗು. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಶ್ರೀಮಂತರ ಗಾಜಿನ ಮನೆಗಳಲ್ಲಿ ಬೆಳೆದು ಹೆಸರಾಯಿತು. ವೈನಿಗಿಂತ ತಿನ್ನಲು ಬಳಸುವುದೇ ಹೆಚ್ಚು. ಇದು ನಮ್ಮ ಪಕ್ಕದಲ್ಲೇ ಇದೆ. ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಎಕರೆಗಟ್ಟಲೆ ಚಪ್ಪರದ ಕೆಳಗೆ ತೂಗುವ ಪನ್ನೀರ್ ದ್ರಾಕ್ಷಿ ಈ ಹ್ಯಾಂಬರ್ಗ್ ಮಸ್ಕಟ್ಟೇ. ಗುಲಾಬಿ ಎಂಬ ಹೆಸರೂ ಅದಕ್ಕಿದೆ. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯೂ ಸಿಕ್ಕಿತು. ಯಾರೋ ರೈತ ಹಣ್ಣನ್ನು ಮೂಸಿ ಪನ್ನೀರು ಎಂದು ಹೆಸರಿಟ್ಟ. ಪ್ರಯೋಗಾಲಯ ಆಮೇಲೆ ಜೆರಾನಿಯೋಲ್ ಎಂದಿತು. ಇಬ್ಬರೂ ಹೇಳಿದ್ದು ಒಂದನ್ನೇ. ಮಸ್ಕಟ್ ಎಂದರೇನೆಂದು ತಿಳಿಯಲು ಕನ್ನಡಿಗ ರಿವ್ಸಾಲ್ತಿಗೆ ಹೋಗಬೇಕಿಲ್ಲ, ಮೈಸೂರು ಬೆಂಗಳೂರಿನ ಹಣ್ಣಿನ ಗಾಡಿಯಲ್ಲಿ ಪನ್ನೀರ್ ದ್ರಾಕ್ಷಿ ಬಂದಾಗ ಒಂದು ಗೊಂಚಲು ಕೊಂಡರೆ ಸಾಕು.

ಹೆಸರು ಕೇಳಿ ಮೋಸಹೋಗಬಾರದವರೂ ಇದ್ದಾರೆ. ಲ್ವಾರ್ ನದಿಯ ಮುಖದ ಮ್ಯುಸ್ಕದೇ ಎಂಬ ವೈನ್ ಮಸ್ಕಟ್‌ನಿಂದ ಮಾಡಿದ್ದಲ್ಲ. ಬೋರ್ದೋದ ಮ್ಯುಸ್ಕದೆಲ್ ಬೇರೆ ತಳಿ. ಅಮೆರಿಕದ ಮಸ್ಕಡೈನ್ ದ್ರಾಕ್ಷಿಯ ಜಾತಿಯೇ ಬೇರೆ.

ಐದನೆಯ ಸಾಲು: 2022

ಕೊಯ್ಲಿನ ವರ್ಷ. ಈ ವೈನ್ ವಿಷಯದಲ್ಲಿ ಈ ಅಂಕಿಯನ್ನು ಹಾಲಿನ ಪೊಟ್ಟಣದ ತಾರೀಖಿನಂತೆ ಓದಬೇಕು, ತಾಮ್ರಪಟದ ತೇದಿಯಂತೆ ಅಲ್ಲ. ರಿವ್ಸಾಲ್ತಿನ ಮಸ್ಕಟ್ ಎಳೆಯದಿದ್ದಾಗಲೇ ಚೆಂದ. ಬಿಡಿ ಲಿನಲೂಲ್ ಬೇಗ ಬದಲಾಗುವ ವಸ್ತು; ವರ್ಷಗಳು ಉರುಳಿದಂತೆ ಹೂವಿನ ಘಮ ಇಳಿದು ಜೇನು, ಮೇಣ, ಒಣಹಣ್ಣಿನ ವಾಸನೆ ಏಳುತ್ತದೆ. ಕಾಯುವ ತಾಳ್ಮೆಯೇ ಬೇಡವೆಂಬವರಿಗೆ ಮ್ಯುಸ್ಕಾ ದ ನೋಯೆಲ್, ಅಂದರೆ ಕ್ರಿಸ್ಮಸ್ ಮಸ್ಕಟ್ ಇದೆ: ಆ ವರ್ಷದ ಕೊಯ್ಲಿನದನ್ನೇ ನವೆಂಬರಿನ ಮೂರನೆಯ ಗುರುವಾರ ಮಾರಾಟಕ್ಕೆ ಬಿಡುತ್ತಾರೆ.

ಇದೇ ಕುಲದಲ್ಲಿ ದೀರ್ಘಾಯುಷಿಗಳೂ ಇದ್ದಾರೆ, ಆದರೆ ಅವರನ್ನು ಸಾಕುವ ಕ್ರಮ ಬೇರೆ. ಪೋರ್ಚುಗಲ್ಲಿನ ಸೆತುಬಾಲ್‌ನಲ್ಲಿ ಸ್ಪಿರಿಟ್ ಸುರಿದ ಮೇಲೂ ವೈನನ್ನು ತಿಂಗಳುಗಟ್ಟಲೆ ಸಿಪ್ಪೆಯ ಮೇಲೆ ನೆನೆಯಬಿಟ್ಟು, ಆಮೇಲೆ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಆಸ್ಟ್ರೇಲಿಯಾದ ರದರ್ಗ್ಲೆನ್‌ನಲ್ಲಿ ಬಳ್ಳಿಯ ಮೇಲೆಯೇ ಸುಕ್ಕುಗಟ್ಟಿದ ಬ್ರೌನ್ ಮಸ್ಕಟ್‌ನಿಂದ ಮಾಡಿದ ವೈನನ್ನು ಬಿಸಿ ಕೊಟ್ಟಿಗೆಗಳ ಪೀಪಾಯಿಗಳಲ್ಲಿ ದಶಕಗಳ ಕಾಲ ಇಟ್ಟು ಹಳತು ಹೊಸತನ್ನು ಬೆರೆಸುತ್ತಾರೆ. ಕೊನೆಗೆ ಅದು ಕಾಕಂಬಿಯ ಬಣ್ಣಕ್ಕೆ ತಿರುಗಿರುತ್ತದೆ.

ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಹತ್ತಿರದ ಕಾನ್ಸ್ಟಾನ್ಶಿಯಾದ್ದು ಇನ್ನೊಂದು ಬಗೆ. 1685ರಲ್ಲಿ ಡಚ್ ಅಧಿಕಾರಿ ಸಿಮೊನ್ ವಾನ್ ದರ್ ಸ್ಟೆಲ್‌ಗೆ ಸಿಕ್ಕ ಜಮೀನು ಅದು. ಅಲ್ಲಿನ ಸಿಹಿ ವೈನ್ 18-19ನೇ ಶತಮಾನದ ಯೂರೋಪಿನ ಅರಮನೆಗಳಲ್ಲಿ ಹರಿದಾಡಿತು, ಸೇಂಟ್ ಹೆಲೆನಾದಲ್ಲಿ ಸೆರೆಯಾಗಿದ್ದ ನೆಪೋಲಿಯನ್‌ಗೂ ಹೋಗುತ್ತಿತ್ತು. ಜೇನ್ ಆಸ್ಟಿನ್ ತನ್ನ ಸೆನ್ಸ್ ಆಂಡ್ ಸೆನ್ಸಿಬಿಲಿಟಿ ಕಾದಂಬರಿಯಲ್ಲಿ ಪ್ರೇಮಭಂಗವಾದ ಹುಡುಗಿಗೆ ಮದ್ದಾಗಿ ಇದನ್ನೇ ತರಿಸುತ್ತಾಳೆ. 19ನೇ ಶತಮಾನದ ಕೊನೆಗೆ ಬೇರು ತಿನ್ನುವ ಫಿಲಾಕ್ಸೆರಾ ಕೀಟ ಬಂದು ಆ ವೈನ್ ನಿಂತೇಹೋಯಿತು. ಕ್ಲೈನ್ ಕಾನ್ಸ್ಟಾನ್ಶಿಯಾ ತೋಟದವರು ಮತ್ತೆ ಮಾಡತೊಡಗಿದ್ದು 1986ರ ಕೊಯ್ಲಿನಿಂದ, ಸಣ್ಣಕಾಳಿನ ಮಸ್ಕಟ್‌ನಲ್ಲಿ, ಸ್ಪಿರಿಟ್ ಸೋಕಿಸದೆ.

ಆರನೆಯ ಸಾಲು: 15,5 % ವಾಲ್ಯೂಮ್

ನೂರು ಮಿಲಿಲೀಟರಿನಲ್ಲಿ ಹದಿನೈದೂವರೆ ಮಿಲಿಲೀಟರ್ ಆಲ್ಕೋಹಾಲ್. ನಡುವಿನ ಅಲ್ಪವಿರಾಮ ಫ್ರಾನ್ಸಿನವರ ದಶಮಾಂಶ ಚುಕ್ಕಿ. ಇದರಲ್ಲಿ ಯೀಸ್ಟಿನ ದುಡಿಮೆ ಎಷ್ಟು, ಸುರಿದದ್ದೆಷ್ಟು? ಸುಮಾರು 17 ಗ್ರಾಂ ಸಕ್ಕರೆ ಕರಗಿದರೆ ಲೀಟರಿನಲ್ಲಿ 1 ಶೇಕಡ ಆಲ್ಕೋಹಾಲ್ ಹುಟ್ಟುತ್ತದೆ. 252 ಗ್ರಾಂ ಪೂರ್ತಿ ಕರಗಿದ್ದರೆ ಯೀಸ್ಟ್ ಒಂದೇ 15ರ ಹತ್ತಿರ ಮುಟ್ಟಿಸುತ್ತಿತ್ತು, ಆದರೆ ಸಿಹಿ ಉಳಿಯುತ್ತಿರಲಿಲ್ಲ. 100 ಗ್ರಾಂಗೂ ಹೆಚ್ಚು ಉಳಿಸಿಕೊಂಡದ್ದರಿಂದ ಹೆಚ್ಚುಕಮ್ಮಿ ಅರ್ಧ ಯೀಸ್ಟಿನದು, ಅರ್ಧ ಸ್ಪಿರಿಟಿನದು.

ಇದರ ಪಕ್ಕದಲ್ಲಿ ಇಟಲಿಯ ಮೊಸ್ಕಾತೊ ದಾಸ್ತಿಯ ಚೀಟಿ ಇಟ್ಟು ನೋಡಿ: ಅದೇ ಸಣ್ಣಕಾಳಿನ ಮಸ್ಕಟ್, ಆದರೆ ಆಲ್ಕೋಹಾಲ್ 5ರ ಆಸುಪಾಸು, 6.5 ದಾಟುವಂತಿಲ್ಲ. ಅಲ್ಲಿ ಯೀಸ್ಟನ್ನು ತಡೆದು ನಿಲ್ಲಿಸುವುದು ಸ್ಪಿರಿಟಲ್ಲ, ಚಳಿ. ಮುಚ್ಚಿದ ತೊಟ್ಟಿಯಲ್ಲಿ ಹುದುಗುತ್ತಿರುವ ರಸವನ್ನು ನೀರ್ಗಲ್ಲಾಗುವ ಮಟ್ಟಕ್ಕೆ ತಣಿಸಿ, ಸೋಸಿ ಯೀಸ್ಟನ್ನು ತೆಗೆದುಹಾಕುತ್ತಾರೆ. ಸಕ್ಕರೆಯೂ ಉಳಿಯುತ್ತದೆ, ಹುದುಗುವಾಗ ಎದ್ದ ಗುಳ್ಳೆಯೂ ಒಂದಿಷ್ಟು ಉಳಿಯುತ್ತದೆ. ರಿವ್ಸಾಲ್ತಿನದಕ್ಕಿಂತ ಇದೇ ನನಗೆ ಹೆಚ್ಚು ಇಷ್ಟ ಎಂದರೆ ರೂಸಿಯೋಂನವರು ಮುನಿಸಿಕೊಂಡಾರು. ಆದರೆ ಹಣ್ಣಿನ ಘಮಕ್ಕೂ ಮೂಗಿಗೂ ನಡುವೆ ಆಲ್ಕೋಹಾಲಿನ ಬಿಸಿ ಕಡಿಮೆ ಇದ್ದಷ್ಟೂ ಮಸ್ಕಟ್ ಸ್ಪಷ್ಟವಾಗಿ ಮಾತಾಡುತ್ತದೆ.

ಏಳನೆಯ ಸಾಲು: ಸಲ್ಫೈಟ್ ಇದೆ

ಗಂಧಕದ ಸಂಯುಕ್ತ, ಗಾಳಿಗೆ ಕೆಡದಂತೆ ಕಾಯುತ್ತದೆ. ಸಿಹಿ ವೈನಿಗೆ ಸಿಹಿಯಿಲ್ಲದ ವೈನಿಗಿಂತ ಹೆಚ್ಚು ಬೇಕಾಗುವುದುಂಟು. ಹೊಂಬಣ್ಣದ ಒಣದ್ರಾಕ್ಷಿಯಲ್ಲೂ ಇರುತ್ತದೆ, ಬೆಚ್ಚಬೇಕಿಲ್ಲ. ಆಸ್ತಮಾ ಇರುವ ಕೆಲವರು ಮಾತ್ರ ಗಮನಿಸಬೇಕು. ಪಕ್ಕದಲ್ಲಿ ಗರ್ಭಿಣಿಯ ಚಿತ್ರಕ್ಕೆ ಅಡ್ಡಗೆರೆ ಎಳೆದ ಗುರುತು ಇರುತ್ತದೆ, ಅದಕ್ಕೆ ಟೀಕು ಬೇಡ.

ಎಂಟನೆಯ ಸಾಲು: 8ರಿಂದ 10 ಡಿಗ್ರಿಗೆ ತಣಿಸಿ, ಊಟದ ಮುಂಚೆ, ಇಲ್ಲವೇ ನೀಲಿ ಚೀಸ್ ಮತ್ತು ಹಣ್ಣಿನ ತಿಂಡಿಯ ಜೊತೆ

ತಣಿಸಿ ಎಂದದ್ದಕ್ಕೆ ಎರಡು ಕಾರಣ. ಬೆಚ್ಚಗಿದ್ದರೆ ಸಿಹಿ ನಾಲಗೆಗೆ ಭಾರವಾಗುತ್ತದೆ, ಸ್ಪಿರಿಟ್ ಮೂಗಿಗೆ ಚುಚ್ಚುತ್ತದೆ. ತೀರಾ ಮಂಜಿನಂತಾದರೆ ಘಮವೇ ಏಳುವುದಿಲ್ಲ. ರೂಸಿಯೋಂನಲ್ಲಿ ಇದನ್ನು ಊಟಕ್ಕೆ ಮೊದಲು ಸಣ್ಣ ಲೋಟದಲ್ಲಿ ಕೊಡುವ ರೂಢಿ, ಬೇಸಿಗೆಯಲ್ಲಿ ಕರ್ಬೂಜದ ಹೋಳಿನೊಡನೆ.

ಹಣ್ಣಿನ ತಿಂಡಿ ಎಂದು ಚೀಟಿ ಹೇಳುವಾಗ ಅಲ್ಲಿನ ಏಪ್ರಿಕಾಟ್ ಟಾರ್ಟನ್ನು ಮನಸ್ಸಿನಲ್ಲಿಟ್ಟುಕೊಂಡಿದೆ. ಅದರಲ್ಲಿ ಹುಳಿ ಇದೆ, ಸಕ್ಕರೆ ಮಿತ. ತಿಂಡಿ ವೈನಿಗಿಂತ ಸಿಹಿಯಾಗಿರಬಾರದು ಎಂಬುದು ಎಲ್ಲ ಸಿಹಿ ವೈನಿಗೂ ಅನ್ವಯಿಸುವ ಸೂತ್ರ. ಮೈಸೂರು ಪಾಕಿನ ಮುಂದೆ ಲೀಟರಿಗೆ 100 ಗ್ರಾಂ ಸಕ್ಕರೆಯ ವೈನ್ ನಿಂಬೆನೀರಿನಂತೆ ತೆಳುವಾಗಿ, ಹುಳಿಯಾಗಿ ಅನಿಸುತ್ತದೆ. ಹೋಳಿಗೆ, ಚಿರೋಟಿಯ ಜೊತೆಗೂ ಅದೇ ಗತಿ. ಖಾರ ಹಚ್ಚಿ ಹುರಿದ ಗೋಡಂಬಿ, ಕೋಡುಬಳೆ, ಕೊತ್ತಂಬರಿ ಬೀಜವನ್ನು ಹೆಚ್ಚಾಗಿ ಹುರಿದು ಹಾಕಿದ ಕೋಳಿ ಇವಾದರೆ ಹೊಂದುತ್ತದೆ. ಕೊನೆಯದರಲ್ಲಿ ತಟ್ಟೆಯಲ್ಲೂ ಲಿನಲೂಲ್, ಲೋಟದಲ್ಲೂ ಲಿನಲೂಲ್. ನೀಲಿ ಚೀಸಿನ ಜೊತೆಗಿನ ಜೋಡಿ ಕೆಲಸ ಮಾಡುವುದೂ ಅದರ ಉಪ್ಪಿನಿಂದಲೇ, ಉಪ್ಪಿನಕಾಯಿ ನೆಕ್ಕಿ ಪಾಯಸ ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದೇ ಕೂತಲ್ಲಿ ಬಾಟಲಿ ಮುಗಿಸುವ ವೈನ್ ಇದಲ್ಲ. ಬಿರಡೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಸಕ್ಕರೆ, ಸ್ಪಿರಿಟ್ ಎರಡೂ ಸೇರಿ ಅದನ್ನು ಒಂದು ವಾರಕ್ಕೂ ಹೆಚ್ಚು ಕಾಪಾಡುತ್ತವೆ.